ಹಲಸಿನ ಮರದ ಬಾಣಂತಿ

ಮೊದಲು ಮರದ ವಿಷಯ ಹೇಳ್ಬೇಕು, ಯಾಕಂದ್ರೆ ಆ ಮರಾನ ನನ್ನ ಮಾತು ಕೇಳಿ ಕಡಿಸಿಬಿಟ್ಟಿದ್ರೆ ಈ ಕಥೆನೇ ಇರ್ತಿರ್ಲಿಲ್ಲ. ಸೋಮವಾರಪೇಟೆ ಕಡೆ ನಮ್ಮದೊಂದು ಸಣ್ಣ ತೋಟ. ಮನೆ ಅಂಗಳದ ಮೂಲೆಲಿ, ದನದ ಕೊಟ್ಟಿಗೆಗೂ ಕಾಫಿ ಒಣಗಿಸೋ ಕಣಕ್ಕೂ ಮಧ್ಯೆ ಒಂದು ಮುದಿ ಹಲಸಿನ ಮರ ಇದೆ. ಹಣ್ಣು ಬಿಡೋದು ಕಮ್ಮಿ ಆಗಿ ಎಷ್ಟೋ ವರ್ಷ ಆಯ್ತು. ಯಾವುದೋ ಮಳೆಗಾಲದಲ್ಲಿ ಒಂದು ದೊಡ್ಡ ಕೊಂಬೆ ಮುರಿದು ಬಿದ್ದು ಹದಿನೈದಡಿ ಎತ್ತರದಲ್ಲಿ ಪೊಟರೆ ಆಗಿದೆ, ಇನ್ನೊಂದು ಕೊಂಬೆ ಅಡುಗೆಮನೆ ಹೆಂಚಿನ ಮೇಲೆ ವಾಲ್ಕೊಂಡಿದೆ. ಮೇ ತಿಂಗಳಲ್ಲಿ ಮರದ ವ್ಯಾಪಾರಿ ಒಬ್ರು ಬಂದು ಕಾಂಡಕ್ಕೆ ಕತ್ತಿ ಹಿಂಬದಿಯಿಂದ ತಟ್ಟಿ ನೋಡಿ, ಒಳಗೆ ಟೊಳ್ಳಿದೆ, ಆದ್ರೂ ನಾಲ್ಕು ಬಾಗಿಲಿಗೆ ಆಗೋಷ್ಟು ಸಿಗುತ್ತೆ ಅಂದು ಒಂದು ರೇಟ್ ಹೇಳಿ ಹೋಗಿದ್ರು. ಮಳೆಗೆ ಮುಂಚೆನೇ ಕಡಿಸ್ಬಿಡಿ ಅಂತ ನಾನು ಹಠ ಮಾಡಿದೆ. 2018ರ ಆಗಸ್ಟ್‌ನಲ್ಲಿ ಕೊಡಗಲ್ಲಿ ಗುಡ್ಡ ಕುಸಿದಿದ್ದು ನೋಡಿದವರಿಗೆ ಮನೆ ಪಕ್ಕದ ವಾಲಿದ ಮರ, ಮನೆ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಣ್ಣೆ), ಇವೆರಡರ ವಿಷಯದಲ್ಲಿ ಧೈರ್ಯ ಅನ್ನೋದು ಉಳಿದಿಲ್ಲ. ಆದ್ರೆ ನಮ್ಮ ಯಜಮಾನ್ರು ಯಾವುದಕ್ಕೂ ಅವಸರ ಮಾಡೋ ಪೈಕಿ ಅಲ್ಲ, ಮಳೆ ಮುಗೀಲಿ ನೋಡೋಣ ಅಂದ್ರು, ಅಷ್ಟರಲ್ಲಿ ಮಳೆ ಹಿಡೀತು.

ಜುಲೈ 8ನೇ ತಾರೀಖು, ಪುನರ್ವಸು ಮಳೆ. ಸಂಜೆ ಕೋಳಿಗೂಡು ಮುಚ್ಚೋಕೆ ಅಂತ ಕೊಡೆ ಹಿಡ್ಕೊಂಡು ಹೋದಾಗ ತಲೆ ಮೇಲೆ ಯಾರೋ ಸಿಳ್ಳೆ ಹಾಕಿದ ಹಾಗಾಯ್ತು. ಸರಿಯಾದ ಸಿಳ್ಳೆ ಅಲ್ಲ, ವಿಸಿಲ್ ಒಳಗೆ ನೀರು ಹೋದ್ರೆ ಬರುತ್ತಲ್ಲ, ಸೀ...ಸಿಕ್, ಸೀ...ಸಿಕ್ ಅಂತ, ಹಾಗೆ. ತೋಟದ ಕೆಲಸದವರ ಲೈನ್ ಮನೆ ಹುಡುಗ್ರು ಇರ್ಬೇಕು ಅಂದ್ಕೊಂಡು ತಲೆ ಎತ್ತಿದ್ರೆ ಹಲಸಿನ ಕೊಂಬೆ ಮೇಲೆ ಬಾತುಕೋಳಿ ಕೂತಿದೆ. ಮರದ ಮೇಲೆ ಬಾತುಕೋಳಿ! ಕಂದು ಮೈ, ಉದ್ದ ಕತ್ತು, ಬೂದು ಕೊಕ್ಕು, ಸಾಕಿದ ಬಾತಿಗಿಂತ ಎಷ್ಟೋ ಸಣ್ಣದು. ನಾನು ನೋಡ್ತಾ ನಿಂತಿದ್ದ ಹಾಗೇ ಇನ್ನೊಂದು ಹಾರಿ ಬಂದು ಪಕ್ಕದಲ್ಲಿ ಇಳೀತು. ಒಳಗೆ ಓಡಿ ಹೋಗಿ ಹೇಳಿದ್ರೆ ಯಾರೂ ನಂಬ್ಲಿಲ್ಲ, ಕೊಕ್ಕರೆ ಇರ್ಬೇಕು ಬಿಡು ಅಂದ್ರು ಇವ್ರು, ಟಿವಿಯಿಂದ ಕಣ್ಣು ತೆಗೀದೆ.

ನಂಬಿದವರು ಅತ್ತೆ ಒಬ್ರೇ. "ಸಿಳ್ಳೆ ಬಾತು ಕಣೇ ಅದು, ರಾತ್ರಿ ಗದ್ದೆಗೆ ಬರ್ತವೆ. ನಿಮ್ಮ ಮಾವ ಇದ್ದಾಗ ಕೋವಿ ತಗೊಂಡು ಹೋಗಿ ಹೊಡ್ಕೊಂಡು ಬರೋರು, ಮಾಂಸ ಏನೂ ರುಚಿ ಇಲ್ಲ, ಕೆಸರು ವಾಸನೆ" ಅಂದ್ರು. ಇಷ್ಟು ವರ್ಷ ಇದೇ ಮನೇಲಿದ್ದೀನಿ, ರಾತ್ರಿ ಮಲಗಿದಾಗ ಗದ್ದೆ ಕಡೆಯಿಂದ ಆ ಸದ್ದು ಎಷ್ಟು ಸಲ ಕೇಳಿದ್ದೀನೋ ಏನೋ, ಅದು ಹಕ್ಕಿ ಅಂತ ಯೋಚನೆನೇ ಮಾಡಿರ್ಲಿಲ್ಲ. ಇವು ಹಗಲು ಕೆರೆ ಮಧ್ಯೆ ಜೊಂಡಿನಲ್ಲೋ ಮರದ ಮೇಲೋ ತೂಕಡಿಸ್ತಾ ಇದ್ದು ಕತ್ತಲಾದ ಮೇಲೆ ಗದ್ದೆಗೆ ಇಳಿದು ಭತ್ತದ ಕಾಳು, ಎಳೆ ಚಿಗುರು, ಬಸವನಹುಳ, ಎರೆಹುಳ ಹುಡುಕ್ತವಂತೆ. ಗೂಡಿಗೂ ಹಾಗೇ, ಜೊಂಡಿನ ಮಧ್ಯೆ ನೆಲದ ಮೇಲೂ ಆಗುತ್ತೆ, ಮರದ ಪೊಟರೆನೂ ಆಗುತ್ತೆ, ಕಾಗೆ ಬಿಟ್ಟುಹೋದ ಹಳೇ ಗೂಡಾದ್ರೂ ಆಗುತ್ತೆ. ಸ್ವಂತ ಮನೆ ಕಟ್ಟೋ ಉಸಾಬರಿ ಜಾಸ್ತಿ ಇಲ್ಲ.

ಪೊಟರೆ ಬಾಯಿ ಕೆಳಗಿಂದ ಕಾಣಲ್ಲ, ಕಾಳುಮೆಣಸಿನ ಬಳ್ಳಿ ಪೂರ್ತಿ ಹಬ್ಬಿದೆ. ಬೆಳಗ್ಗೆ ಒಂದು ಒಳಗೆ ಹೋಗೋದು, ಸ್ವಲ್ಪ ಹೊತ್ತಿಗೆ ಹಾರಿಹೋಗೋದು, ಹೀಗೆ ನಾಲ್ಕು ದಿನ ನಡೀತು. ನಾಲ್ಕನೇ ದಿನ ನಾನೊಂದು ತಪ್ಪು ಮಾಡಿದೆ. ಹಲಸು ಕೀಳೋ ದೋಟಿ ತುದಿಗೆ ಮಗಳ ಫೋನ್ ಕಟ್ಟಿ, ವಿಡಿಯೋ ಆನ್ ಮಾಡಿ, ಬಳ್ಳಿ ಸಂದಿಂದ ಮೇಲೆ ಏರಿಸಿದೆ. ಒಳಗೆ ಹಕ್ಕಿ ಇದ್ದಿದ್ದು ನಂಗೆ ಗೊತ್ತಿರ್ಲಿಲ್ಲ. ಬುರ್ರ್ ಅಂತ ಹೊರಗೆ ಬಂತು ನೋಡಿ, ಅಂಗಳದ ಮೇಲೆ ಎರಡು ಸುತ್ತು ಕಿರುಚ್ತಾ ಸುತ್ತಿ ಗದ್ದೆ ಕಡೆ ಹೋಯ್ತು. ವಿಡಿಯೋದಲ್ಲಿ ಮರದ ಪುಡಿ, ನಾಲ್ಕು ಒಣಗೆಲೆ, ಅದರ ಮೇಲೆ ಒಂಬತ್ತು ಮೊಟ್ಟೆ, ಆನೆದಂತದ ಬಣ್ಣ. ಮಗಳು ಕುಣಿದಾಡಿದ್ಲು. ನಂಗೆ ಕುಣಿಯೋಕೆ ಮನಸ್ಸಾಗ್ಲಿಲ್ಲ, ಯಾಕಂದ್ರೆ ಬೆಳಗ್ಗೆ ಹತ್ತೂವರೆಗೆ ಹೋದ ಹಕ್ಕಿ ಮಧ್ಯಾಹ್ನ ಊಟದ ಹೊತ್ತಾದ್ರೂ ಬರ್ಲಿಲ್ಲ. ಮಳೆ ಬೇರೆ, ಥಂಡಿ ಗಾಳಿ ಬೇರೆ. ಅನ್ನ ಸೇರ್ಲಿಲ್ಲ ನಂಗೆ. ಎರಡೂವರೆ ಸುಮಾರಿಗೆ ಬಂತು, ಬಂದಿದ್ದೂ ನೇರ ಗೂಡಿಗಲ್ಲ, ಪಕ್ಕದ ಸಿಲ್ವರ್ ಓಕ್ ಮೇಲೆ ಕೂತು ಅರ್ಧ ಗಂಟೆ ಅಂಗಳ ನೋಡ್ತು. ನಾವೆಲ್ಲ ಕಿಟಕಿ ಹಿಂದೆ ಕಳ್ಳರ ಹಾಗೆ ಉಸಿರು ಹಿಡ್ಕೊಂಡು ನಿಂತಿದ್ವಿ.

ಅವತ್ತು ರಾತ್ರಿ ಮೈಸೂರಲ್ಲಿರೋ ಕಾಲೇಜು ಗೆಳತಿಗೆ ವಿಡಿಯೋ ಕಳ್ಸಿದೆ, ಅವಳಿಗೆ ಹಕ್ಕಿ ನೋಡೋ ಹುಚ್ಚು. ಹೊಗಳ್ತಾಳೆ ಅಂದ್ಕೊಂಡ್ರೆ ಫೋನ್ ಮಾಡಿ ಸರಿಯಾಗಿ ಬೈದ್ಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡು ಹಕ್ಕಿ ಮೊಟ್ಟೆ ತೆಗೆಯೋದು ಮಾತ್ರ ಅಲ್ಲ, ಗೂಡಿಗೆ ತೊಂದರೆ ಕೊಡೋದೂ ಬೇಟೆ ಅಂತಲೇ ಲೆಕ್ಕ ಅಂತೆ. ಅಂದ್ರೆ ಮಾವನ ಕೋವಿಗೂ ನನ್ನ ದೋಟಿಗೂ ಕಾನೂನಿನ ಪುಸ್ತಕದಲ್ಲಿ ಒಂದೇ ಪದ. ಮಾವನವರಾದ್ರೂ ರಾತ್ರಿ ಚಳೀಲಿ ಗದ್ದೆ ಬದುವಿನ ಮೇಲೆ ಕಾಯ್ತಿದ್ರು, ನಾನು ನೈಟಿ ಹಾಕ್ಕೊಂಡು ಅಂಗಳದಲ್ಲೇ ಕೆಲಸ ಮುಗ್ಸಿದ್ದೆ. ಹಾಗಾದ್ರೆ ಏನು ಸಹಾಯ ಮಾಡ್ಲಿ ಹೇಳು ಅಂದೆ. "ಮೊದಲು ದೋಟಿ ಒಳಗಿಡು" ಅಂದ್ಲು.

ದಿನಕ್ಕೊಂದರ ಹಾಗೆ ಮೊಟ್ಟೆ ಇಟ್ಟು, ಎಲ್ಲಾ ಮುಗಿದ ಮೇಲೇ ಇವು ಕಾವು ಶುರು ಮಾಡ್ತವೆ, ಅದಕ್ಕೇ ಮರಿಗಳು ಹೆಚ್ಚು ಕಮ್ಮಿ ಒಟ್ಟಿಗೇ ಹೊರಗೆ ಬರ್ತವೆ. ಇಪ್ಪತ್ತೆರಡರಿಂದ ಇಪ್ಪತ್ನಾಲ್ಕು ದಿನ ಕಾವು. ಮಗಳು ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್ ಗುರುತು ಹಾಕಿದ್ಲು, ಆಗಸ್ಟ್ ಮೊದಲ ವಾರ. ಅತ್ತೆ ಅಷ್ಟರಲ್ಲಿ ಮನೆಗೆ ಹೊಸ ಕಾನೂನು ತಂದಿದ್ರು: ಇದು ಬಾಣಂತಿ ಇರೋ ಮನೆ, ಯಾರೂ ಜೋರಾಗಿ ಮಾತಾಡೋ ಹಾಗಿಲ್ಲ, ಕಣದ ದೊಡ್ಡ ಬಲ್ಬ್ ರಾತ್ರಿ ಹಾಕೋ ಹಾಗಿಲ್ಲ, ನಾಯಿ ಕರಿಯನ್ನ ಆ ಕಡೆ ಬಿಡೋ ಹಾಗಿಲ್ಲ. ಇನ್ನೂ ಮರಿನೇ ಆಗಿಲ್ಲ, ಬಾಣಂತಿ ಹೇಗಾಗ್ತಾಳೆ ಅಂತ ಮಗಳು ಕೇಳಿದ್ರೆ, ಬಸುರಿ ಬಾಣಂತಿ ಎರಡೂ ಒಂದೇ ಸುಮ್ನಿರು ಅಂತ ಉತ್ತರ. ಆಮೇಲೆ ಗೊತ್ತಾಯ್ತು, ಈ ಜಾತೀಲಿ ಗಂಡೂ ಕಾವು ಕೂರುತ್ತೆ, ಸರದಿ ಪ್ರಕಾರ. ಎರಡೂ ನೋಡೋಕೆ ಒಂದೇ ಥರ, ಹಾಗಾಗಿ ಒಳಗಿರೋದು ಅವಳೋ ಅವನೋ ಹೇಳೋಕೆ ಆಗಲ್ಲ. ಸಂಜೆ ಆರೂವರೆ ಹೊತ್ತಿಗೆ ಹೊರಗಿನದು ಬಂದು ಕೊಂಬೆ ಮೇಲೆ ಕೂತು ಮೆಲ್ಲಗೆ ಸಿಳ್ಳೆ ಹಾಕೋದು, ಒಳಗಿನದು ಹೊರಗೆ ಬಂದು ರೆಕ್ಕೆ ಬಿಡಿಸ್ಕೊಂಡು ಮೈ ಮುರಿದು ಹಾರಿಹೋಗೋದು, ಇದು ಒಳಗೆ ನುಸುಳೋದು. ಇದನ್ನ ನಾನು ಯಜಮಾನ್ರಿಗೆ ದಿನಾ ತೋರಿಸ್ತಿದ್ದೆ. ಅವ್ರಿಗೆ ಯಾಕೆ ತೋರಿಸ್ತಿದ್ದೀನಿ ಅಂತ ಅರ್ಥ ಆಗಿರೋ ಹಾಗೆ ಕಾಣ್ಲಿಲ್ಲ.

ಸುಮ್ನಿರೋದು ಎಷ್ಟು ಕಷ್ಟ ಅಂತ ಆ ಮೂರು ವಾರದಲ್ಲಿ ಗೊತ್ತಾಯ್ತು. ಮನೆಗೆ ಬಂದವರಿಗೆಲ್ಲ ಒಂದೊಂದು ಐಡಿಯಾ. ಮೈದುನ ಬಂದವನು, ಅತ್ತಿಗೆ, ಮೊಟ್ಟೆ ತೆಗ್ದು ಕಾವು ಕೂತಿರೋ ಹೇಂಟೆ ಕೆಳಗೆ ಇಟ್ಬಿಡಿ, ಹಾವಿನ ಕಾಟ ಇರಲ್ಲ, ಒಂಬತ್ತಕ್ಕೆ ಒಂಬತ್ತೂ ಮರಿ ಆಗುತ್ತೆ ಅಂದ. ಕೇಳೋಕೆ ಚೆನ್ನಾಗೇ ಇದೆ. ಸಾಕಿದ ಬಾತಿನ ಮೊಟ್ಟೆನ ಅತ್ತೆ ಹಾಗೇ ಮರಿ ಮಾಡಿಸ್ತಿದ್ರಂತೆ, ಮರಿ ಎಲ್ಲ ತೋಡಿಗೆ ಇಳಿದು ಈಜೋದು, ದಡದಲ್ಲಿ ಹೇಂಟೆ ಹುಚ್ಚು ಹಿಡಿದ ಹಾಗೆ ಕೂಗಾಡೋದು. ಸಾಕಿದ್ದಕ್ಕೆ ಅದು ಸರಿ. ಕಾಡು ಬಾತಿನ ಮರಿ ಮೊಟ್ಟೆಯಿಂದ ಹೊರಗೆ ಬಂದ ತಕ್ಷಣ ಯಾರನ್ನ ಕಾಣುತ್ತೋ ಅವರೇ ತಾಯಿ ಅಂತ ಮನಸ್ಸಲ್ಲಿ ಅಚ್ಚು ಒತ್ಕೊಳ್ಳುತ್ತೆ. ಕೊನ್ರಾಡ್ ಲೊರೆನ್ಸ್ ಅನ್ನೋ ವಿಜ್ಞಾನಿ ಹಿಂದೆ ಹೆಬ್ಬಾತಿನ ಮರಿಗಳು ಸಾಲಾಗಿ ಓಡ್ತಾ ಇರೋ ಫೋಟೋ ಶಾಲೆ ಪುಸ್ತಕದಲ್ಲೇ ನೋಡಿದ್ದೆ, 1973ರಲ್ಲಿ ನೊಬೆಲ್ ಬಂತು ಅವರಿಗೆ. ಹೇಂಟೆ ಹಿಂದೆ ಬೆಳೆದ ಸಿಳ್ಳೆ ಬಾತಿಗೆ ರಾತ್ರಿ ಗದ್ದೆಗೆ ಹಾರೋದು ಯಾರು ಕಲಿಸ್ತಾರೆ, ಕೋಳಿಗೆ ಏಳು ಗಂಟೆಗೇ ಕಣ್ಣು ಮುಚ್ಚುತ್ತೆ. ಬೇಡ ಮಾರಾಯ ಅಂದೆ.

ಅತ್ತೆ ಯಾರಿಗೂ ಹೇಳದೆ ಮರದ ಬುಡಕ್ಕೆ ದಿನಾ ಒಂದು ಹಿಡಿ ಅನ್ನ ಹಾಕ್ತಿದ್ರು, ಬಾಣಂತಿ ಹಸಿದಿರ್ತಾಳೆ ಅಂತ. ಬಾತು ಆ ಅನ್ನದ ಕಡೆ ತಿರುಗಿನೂ ನೋಡ್ಲಿಲ್ಲ, ಬಂದಿದ್ದು ಕಾಗೆ. ಎರಡು ಇದ್ದಿದ್ದು ಎಂಟಾಯ್ತು, ಅನ್ನ ಮುಗಿದ ಮೇಲೆ ಕೊಂಬೆ ಮೇಲೆ ಕೂತು ಅತ್ತಿತ್ತ ಕತ್ತು ಆಡಿಸ್ತಾ ಇದ್ವು, ಪೊಟರೆ ಕಡೆನೂ ನೋಡ್ತಿದ್ವು. ಅನ್ನ ನಿಲ್ಲಿಸೋಕೆ ಅತ್ತೇನ ಒಪ್ಪಿಸಿದ್ದು ಹೇಗೆ ಅನ್ನೋದು ಬೇರೇನೇ ಕಥೆ, ಬರೆದ್ರೆ ಮನೇಲಿ ಜಗಳ ಆಗುತ್ತೆ.

ಪುಷ್ಯ ಮಳೆ ಶುರುವಾದ ಮೇಲೆ ಕೇಳ್ಬೇಡಿ. ಶಾಲೆಗೆ ರಜೆ, ಕರೆಂಟ್ ಇಲ್ಲ, ನಾಲ್ಕು ದಿನ ಸೂರ್ಯ ಅನ್ನೋದೇ ಕಾಣ್ಲಿಲ್ಲ. ಪೊಟರೆ ಒಳಗೆ ನೀರು ಹೋಗ್ತಾ ಇರುತ್ತೆ ಅಂತ ನಂಗೆ ರಾತ್ರಿ ಎಚ್ಚರ ಆಗೋದು. ಒಂದು ಟಾರ್ಪಾಲಿನ ತುಂಡು ಮೇಲಿನ ಕೊಂಬೆಗೆ ಕಟ್ಟೋಣ ಅಂತ ಹಗ್ಗ ಎಲ್ಲ ರೆಡಿ ಮಾಡ್ಕೊಂಡು ಲೈನ್ ಮನೆ ಅಜ್ಜನ್ನ ಕರೆದೆ. ಅಜ್ಜ ನನ್ನ ಮುಖ ನೋಡಿ, ಟಾರ್ಪಾಲು ನೋಡಿ, ಮರ ನೋಡಿ, "ಅದು ಬಾತು ಕಣಮ್ಮಾ, ಅದಕ್ಕೆ ಗೊರಬು ಹಾಕ್ತೀರಾ?" ಅಂದ್ರು. (ಗೊರಬು ಅಂದ್ರೆ ಗದ್ದೆ ಕೆಲಸದವರು ಮಳೆಗೆ ಹೊದ್ಕೊಳ್ಳೋ ಎಲೆ ಹೊದಿಕೆ.) ಹೊಟ್ಟೆ ಹಿಡ್ಕೊಂಡು ನಕ್ಕಿದ್ದು ಯಜಮಾನ್ರು. ಇವತ್ತಿಗೂ ನಾನು ಏನಾದ್ರೂ ಅತಿ ಮಾಡಿದ್ರೆ ಗೊರಬು ಹಾಕ್ತೀಯಾ ಅಂತಾರೆ.

ಆದ್ರೆ ಅಜ್ಜ ಅವತ್ತೇ ಇನ್ನೊಂದು ಮಾತು ಹೇಳಿದ್ರು. ಮೇಲಿರೋ ತನಕ ಅದಕ್ಕೆ ಗೊತ್ತು, ಕೆಳಗೆ ಇಳಿದ ಮೇಲೆ ನಿಮ್ಮ ಹೊಂಡ ಇದೆಯಲ್ಲ ಅಂದ್ರು.

ಹೊಂಡದ ವಿಷಯ ನಂಗೆ ಹೊಳೆದೇ ಇರ್ಲಿಲ್ಲ. ಫೆಬ್ರವರಿ ಮಾರ್ಚಲ್ಲಿ ರೊಬಸ್ಟಾ ಕಾಫಿಗೆ ಹೂ ಬಿಡಿಸೋ ನೀರು ಕೊಡೋಕೆ ಅಂತ ಕಣದ ಕೆಳಗೆ ಕೃಷಿ ಹೊಂಡ ತೋಡಿಸಿದ್ವಿ, ನೀರು ಇಂಗದ ಹಾಗೆ ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ ಶೀಟು. ನೋಡೋಕೆ ಕೆರೆ ಥರನೇ, ಆದ್ರೆ ಕೆರೆಗೆ ದಡ ಅಂತ ಇರುತ್ತೆ, ಇದಕ್ಕೆ ಇಲ್ಲ. ಪಾಚಿ ಹಿಡಿದ ಪ್ಲಾಸ್ಟಿಕ್ ಇಳಿಜಾರು, ಒಳಗೆ ಬಿದ್ದದ್ದು ಮೇಲೆ ಬರಲ್ಲ. ಹಿಂದಿನ ವರ್ಷ ಒಂದು ಪುನುಗು ಬೆಕ್ಕು ಸತ್ತು ತೇಲ್ತಾ ಇತ್ತು, ಉಗುರಿನ ಗೀರು ಶೀಟಿನ ಮೇಲೆ ಸುತ್ತಲೂ ಇತ್ತು. ಎತ್ತಿ ಹೂತು, ಅಯ್ಯೋ ಪಾಪ ಅಂದು, ಮರೆತಿದ್ವಿ. ಮರಕ್ಕೂ ಹೊಂಡಕ್ಕೂ ಎಂಬತ್ತಡಿ ಇಲ್ಲ. ಮೊಟ್ಟೆಯಿಂದ ಬಂದ ಒಂದು ದಿನಕ್ಕೇ ಮರಿಗಳು ನೀರು ಹುಡುಕ್ಕೊಂಡು ಹೊರಡ್ತವೆ, ಮೊದಲು ಕಾಣೋ ನೀರೇ ಅದು. ದೊಡ್ಡ ಬಾತು ಹಾರುತ್ತೆ, ಮರಿಗೆ ರೆಕ್ಕೆ ಎಲ್ಲಿ?

ಮೊದಲು ಹಳೇ ಮೀನಿನ ಬಲೆ ಇಳಿಬಿಟ್ವಿ, ಹಿಡ್ಕೊಂಡು ಹತ್ತಿ ಬರ್ಲಿ ಅಂತ. ಎರಡನೇ ದಿನ ಬೆಳಗ್ಗೆ ನೋಡಿದ್ರೆ ಬಲೆಗೆ ಕೇರೆಹಾವು ಸಿಕ್ಕಿಬಿದ್ದಿದೆ, ಒದ್ದಾಡಿ ಒದ್ದಾಡಿ ಮೈಗೆ ದಾರ ಕೊರ್ಕೊಂಡಿದೆ. ಇವ್ರು ತಲೆ ಮೇಲೆ ಗೋಣಿ ಹಾಕಿ ಹಿಡ್ಕೊಂಡ್ರು, ನಾನು ಹೊಲಿಗೆ ಕತ್ತರಿಲಿ ಒಂದೊಂದೇ ದಾರ ಕತ್ತರಿಸಿದೆ, ಕೈ ನಡುಗಿ ಎರಡು ಸಲ ಇವರ ಬೆರಳಿಗೇ ಕತ್ತರಿ ತಾಗಿಸಿದೆ. ಹಾವು ಬಿಡಿಸ್ಕೊಂಡು ಸೀದಾ ಹಲಸಿನ ಮರದ ದಿಕ್ಕಿಗೆ ಹೋಯ್ತು ಅನ್ನೋದು ಈಗ ನಗು ಬರುತ್ತೆ, ಅವತ್ತು ಬರ್ಲಿಲ್ಲ. ಮೊಟ್ಟೆ ಕಳ್ಳನ್ನ ನಾವೇ ಕತ್ತರಿ ಹಿಡಿದು ಬಿಡಿಸಿ ಕಳ್ಸಿದ ಹಾಗಾಯ್ತಲ್ಲ.

ಬಲೆ ತೆಗೆದು ಹಾಕಿದ್ವಿ. ಆಮೇಲೆ ಅಜ್ಜನೇ ಹೇಳಿದ ಹಾಗೆ ಸ್ಟೋರಲ್ಲಿದ್ದ ಹಳೇ ಕಾಫಿ ಗೋಣಿಗಳನ್ನ ಬಿಚ್ಚಿ, ದಬ್ಬಳದಲ್ಲಿ ಒಂದಕ್ಕೊಂದು ಹೊಲಿದು ಉದ್ದ ಚಾಪೆ ಥರ ಮಾಡಿ, ಮೇಲೆ ಕಲ್ಲು ಹೇರಿ, ಹೊಂಡದ ಎರಡು ಮೂಲೇಲಿ ನೀರಿನ ಒಳಗಿನ ತನಕ ಇಳಿಬಿಟ್ವಿ. ಗೋಣಿ ಒರಟು, ಕಾಲಿಗೆ ಹಿಡಿತ ಸಿಗುತ್ತೆ, ಸಿಕ್ಕಿಹಾಕ್ಕೊಳ್ಳಲ್ಲ. ಎರಡು ಮಧ್ಯಾಹ್ನದ ಕೆಲಸ, ಖರ್ಚು ದಾರದ್ದು ಮಾತ್ರ. ಹೊಂಡ ತೋಡಿಸಿದ ದಿನವೇ ಮಾಡಬಹುದಿತ್ತು.

ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಕಾಳುಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೀಬೇಕಿತ್ತು, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಸೊರಗು ರೋಗ ಬರದ ಹಾಗೆ. ಎಲ್ಲಾ ಮರಕ್ಕೂ ಹೊಡೆದು ಈ ಒಂದು ಮರ ಬಿಟ್ರು ಯಜಮಾನ್ರು. ನಾನು ಕೇಳಿರ್ಲಿಲ್ಲ. ಕಳೆ ಕತ್ತರಿಸೋ ಮೆಷಿನ್ನೂ ಆ ಪಟ್ಟಿಗೆ ತರ್ಲಿಲ್ಲ, ಮೊಣಕಾಲುದ್ದ ಕಾಡು ಬೆಳೀತು, ಜಿಗಣೆ ಕಾಟ. (ಆ ಬಳ್ಳಿ ಸೆಪ್ಟೆಂಬರ್‌ಗೆ ಹಳದಿ ತಿರುಗಿ ಹೋಯ್ತು. ವರ್ಷಕ್ಕೆ ಮೂರು ನಾಲ್ಕು ಕೆಜಿ ಒಣ ಮೆಣಸು ಕೊಡ್ತಿದ್ದ ಬಳ್ಳಿ.)

ಆಗಸ್ಟ್ 3, ಕೊಡವ ಲೆಕ್ಕದಲ್ಲಿ ಕಕ್ಕಡ ತಿಂಗಳ 18. ಮದ್ದುಸೊಪ್ಪಿನ (ನೇರಳೆ ಬಣ್ಣ ಬಿಡೋ ಔಷಧಿ ಸೊಪ್ಪು) ಪಾಯಸ ಮಾಡಿದ್ವಿ, ಮನೆಯೆಲ್ಲ ಅದರ ಪರಿಮಳ, ಮಗಳು ನೇರಳೆ ಬಣ್ಣದ ನಾಲಿಗೆ ಚಾಚಿ ಸೆಲ್ಫಿ ತಗೊಂಡ್ಲು. ಮಾರನೇ ದಿನ ಬೆಳಗ್ಗೆ ಏಳೂಕಾಲು, ಮಳೆ ನಿಂತು ಮರದಿಂದ ಹನಿ ಮಾತ್ರ ಬೀಳ್ತಾ ಇತ್ತು, ಹಾಲು ಕರೆಯೋಕೆ ಹೋದವಳು ಕೊಟ್ಟಿಗೆ ಬಾಗಿಲಲ್ಲೇ ನಿಂತ್ಬಿಟ್ಟೆ. ಒಂದು ಬಾತು ಮರದ ಬುಡದಲ್ಲಿ ನೆಲದ ಮೇಲೆ ನಿಂತು ಕತ್ತು ಎತ್ತಿ ಕರೀತಾ ಇದೆ. ಸಿಳ್ಳೆ ಅಲ್ಲ, ಬೇರೆ, ಗಂಟಲೊಳಗಿನ ಸಣ್ಣ ಸದ್ದು. ಮೇಲಿಂದ ಏನೋ ಬಿತ್ತು, ಒಣ ಹಲಸಿನೆಲೆ ಮೇಲೆ ಟಪ್ ಅಂತ. ಗೋಲಿ ಬಿದ್ದ ಹಾಗೆ ಒಂದು ಸಲ ಪುಟಿದು, ಎದ್ದು, ಮೈ ಕೊಡವಿ, ತಾಯಿ ಹತ್ರ ಓಡ್ತು. ಆಮೇಲೆ ಇನ್ನೊಂದು. ಹದಿನೈದಡಿ! ನಿಂಬೆಹಣ್ಣಿನಷ್ಟು ತೂಕ, ಮೈಯೆಲ್ಲ ಹತ್ತಿ, ಕಪ್ಪು ಮೇಲೆ ಬಿಳಿ ಗೀಟು. ಒಂದು ಮಾತ್ರ ಪೊಟರೆ ಬಾಯಲ್ಲಿ ಬಂದು ಕೆಳಗೆ ನೋಡಿ ಒಳಗೆ ಹೋಗೋದು, ಮತ್ತೆ ಬರೋದು, ನಮ್ಮ ಮಗಳು ಈಜು ಕಲಿಯೋಕೆ ಹೋದಾಗ ಮಾಡ್ತಿದ್ಲಲ್ಲ ಹಾಗೆ. ಕೊನೆಗೆ ಅದೂ ಬಿತ್ತು. ಎಂಟು. ಒಂಬತ್ತನೇದು ಬರ್ಲಿಲ್ಲ. ದೋಟಿ ದಿನದ ಆ ನಾಲ್ಕು ಗಂಟೆ ನೆನಪಾಯ್ತು, ಅದೇ ಕಾರಣವೋ ಅಲ್ವೋ, ಒಂಬತ್ತರಲ್ಲಿ ಒಂದು ಆಗದೇ ಇರೋದು ಮಾಮೂಲಿ ಅಂತ ಗೆಳತಿ ಹೇಳಿದ್ಲು, ಸಮಾಧಾನಕ್ಕೆ ಹೇಳಿದ್ದಿರಬಹುದು.

ದೊಡ್ಡದೆರಡು, ಒಂದು ಮುಂದೆ ಒಂದು ಹಿಂದೆ, ಮಧ್ಯೆ ಎಂಟು ಮರಿ, ಮೆರವಣಿಗೆ ಹೊರಡ್ತು. ನಾನು ಹೊಂಡದ ಕಡೆ ನೋಡ್ತಾ ಇದ್ದೀನಿ, ಗೋಣಿ ಸರಿಯಾಗಿದೆಯಾ ಅಂತ. ಅವು ಹೊಂಡದ ಕಡೆ ಹೋಗ್ಲೇ ಇಲ್ಲ. ಕೊಟ್ಟಿಗೆ ಹಿಂದಿನ ದಾರಿ ಹಿಡಿದ್ವು, ಅಲ್ಲಿ ಗೋಬರ್ ಗ್ಯಾಸಿನ ಸ್ಲರಿ ಗುಂಡಿ. ಇಷ್ಟು ದಿನದಿಂದ ಹೊಂಡ ಹೊಂಡ ಅಂತ ಬಡ್ಕೊಂಡು ಮೂಗಿನ ಕೆಳಗಿದ್ದ ಈ ಗುಂಡಿ ಮರೆತಿದ್ದೆ. ಸ್ಲರಿ ಮೇಲೆ ಕೆನೆ ಕಟ್ಟಿದ್ರೆ ನೆಲ ಯಾವುದು ಗುಂಡಿ ಯಾವುದು ನಮಗೇ ಗೊತ್ತಾಗಲ್ಲ. ಏಳು ಮರಿ ಅಂಚಲ್ಲಿ ದಾಟಿದ್ವು, ಕೊನೇದು, ಅದೇ ಹೆದರುಪುಕ್ಕಲು ಇರ್ಬೇಕು, ಅಡ್ಡದಾರಿ ಹಿಡಿದು ಒಳಗೆ ಹೋಯ್ತು.

ಏನು ಯೋಚನೆ ಮಾಡಿದೆ ಅಂತ ನೆನಪಿಲ್ಲ. ಸಗಣಿ ಹೊರೋ ಮಂಕರಿ ಕೈಲಿತ್ತು, ಅದರಲ್ಲೇ ಬಾಚಿ ಎತ್ತಿದೆ. ಮೈಯೆಲ್ಲ ಸ್ಲರಿ, ಕಣ್ಣು ಮಾತ್ರ ಕಾಣ್ತಾ ಇದೆ, ಕೊಕ್ಕು ತೆರೆದು ಕೂಗ್ತಾ ಇದೆ. ಹೆಗಲ ಮೇಲಿದ್ದ ಟವಲಲ್ಲಿ ಒರೆಸಿದೆ. ಅಷ್ಟರಲ್ಲಿ ಅತ್ತೆ ಜಗುಲಿಯಿಂದ, "ಮುಟ್ಬೇಡ್ವೇ, ಮನುಷ್ಯರ ವಾಸನೆ ತಗುಲಿದ್ರೆ ತಾಯಿ ಸೇರಿಸ್ಕೊಳಲ್ಲ!" ಅಂತ ಕೂಗಿದ್ರು. ಮುಟ್ಟಿ ಆಗಿತ್ತು. ಒಳಗೆ ತಗೊಂಡು ಹೋಗಿ ಬೆಚ್ಚಗಿನ ನೀರಲ್ಲಿ ತೊಳೆದು ಬಲ್ಬ್ ಕೆಳಗೆ ಇಡೋಣ ಅಂತ ಒಂದು ಕ್ಷಣ ಅನ್ನಿಸ್ತು. ಆಸೆನೂ ಇತ್ತು, ಸುಳ್ಳು ಯಾಕೆ ಹೇಳ್ಲಿ, ಅಂಗೈಯಲ್ಲಿ ಆ ಮರಿ ಎದೆ ಹೊಡ್ಕೊಳ್ಳೋದು ಗೊತ್ತಾಗ್ತಾ ಇತ್ತು. ದಾರಿ ಮಧ್ಯೆ ಬಿಟ್ಟು ಹಿಂದಕ್ಕೆ ಹಿಂದಕ್ಕೆ ನಡೆದು ಕೊಟ್ಟಿಗೆ ಒಳಗೆ ಹೋಗಿ ಹಸುವಿನ ಪಕ್ಕ ಅಡಗಿ ನಿಂತೆ. ಮರಿ ಕೂಗ್ತು. ಕಾಫಿ ಗಿಡದ ಸಂದಿಂದ ಉತ್ತರ ಬಂತು. ಮತ್ತೆ ಕೂಗ್ತು. ಹಿಂದೆ ಹೋಗ್ತಿದ್ದ ದೊಡ್ಡ ಬಾತು ವಾಪಸ್ ಬಂದು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಕತ್ತು ಉದ್ದ ಮಾಡಿ ನೋಡ್ತು, ಮರಿ ಸ್ಲರಿ ಮೆತ್ಕೊಂಡೇ ಓಡಿ ಅದರ ಹೊಟ್ಟೆ ಕೆಳಗೆ ಸೇರ್ಕೊಂಡ್ತು. ವಾಸನೆ ವಿಚಾರಣೆ ಏನೂ ನಡೀಲಿಲ್ಲ.

ತೋಡು ದಾಟಿ ಗದ್ದೆಗೆ ಇಳಿದ್ವು. ನಮ್ಮ ಸುತ್ತ ಎಷ್ಟೋ ಗದ್ದೆ ಹಾಳು ಬಿದ್ದಿದೆ, ಕೆಲವರು ಶುಂಠಿ ಹಾಕಿದ್ದಾರೆ, ನಾವು ಎರಡು ಮಡಿ ಮನೆ ಅಕ್ಕಿಗೆ ಅಂತ ಈಗಲೂ ನಾಟಿ ಮಾಡ್ತೀವಿ, ಲಾಭಕ್ಕಲ್ಲ, ಅತ್ತೆ ಇರೋ ತನಕ ಬಿಡೋ ಹಾಗಿಲ್ಲ. ಅಲ್ಲೇ ಇದ್ವು ಒಂದಷ್ಟು ದಿನ. ವಾರ ಬಿಟ್ಟು ಎಣಿಸಿದಾಗ ಮರಿ ಆರು. ಆಶ್ಲೇಷ ಮಳೆ ಮುಗಿಯೋ ಹೊತ್ತಿಗೆ ಐದು. ಹದ್ದು, ಕಾಗೆ, ಕೀರ (ಮುಂಗುಸಿ), ಯಾರು ಅಂತ ಹೇಳೋದು. ಸ್ಲರಿಗೆ ಬಿದ್ದದ್ದು ಆ ಐದರಲ್ಲಿ ಇತ್ತೋ ಇಲ್ವೋ, ಒಂದು ಮಳೆಗೇ ಅದರ ಗುರುತು ತೊಳೆದುಹೋಗಿತ್ತು. ಗುಂಡಿಗೆ ಈಗ ಬಿದಿರಿನ ತಟ್ಟಿ ಮುಚ್ಚಿದ್ದೀವಿ.

ಗೋಣಿ ಚಾಪೆನ ಬಾತು ಉಪಯೋಗಿಸ್ಲೇ ಇಲ್ಲ. ಆದ್ರೆ ಸೆಪ್ಟೆಂಬರ್ ಕೊನೇಲಿ ಪಂಪ್ ನೋಡೋಕೆ ಹೋದಾಗ ಗೋಣಿ ಮೇಲೆ ಕೆಸರು ಹೆಜ್ಜೆ ಇತ್ತು, ನೀರಿನಿಂದ ಮೇಲಕ್ಕೆ, ಒಂದೇ ಕಡೆಗೆ. ಅಜ್ಜ ನೋಡಿ ಕೀರ ಅಂದ್ರು. ಬಾತು ಮರಿ ತಿಂದ ಕೀರವೇ ಇರಬಹುದು ಅಂದೆ. ಇರಬಹುದು ಅಂದ್ರು.

ಜನವರೀಲಿ, ಕಾಫಿ ಕುಯ್ಲಿನ ಗಲಾಟೆ ಮಧ್ಯೆ, ಮರದ ವ್ಯಾಪಾರಿ ಮತ್ತೆ ಬಂದ್ರು. ರೇಟ್ ಸ್ವಲ್ಪ ಏರಿಸಿದ್ರು ಕೂಡ. ಯಜಮಾನ್ರು ಅಡುಗೆಮನೆ ಮೇಲಿನ ಕೊಂಬೆ ತೋರಿಸಿ, ಅದೊಂದು ಮರಗಸಿ (ನೆರಳಿನ ಮರದ ಕೊಂಬೆ ಸವರೋದು) ಟೈಮಲ್ಲಿ ತೆಗೆಸ್ತೀವಿ, ಮರ ಕೊಡಲ್ಲ ಅಂದ್ರು. ಯಾಕೆ ಸಾರ್, ಒಳಗೆ ಟೊಳ್ಳು, ಇನ್ನೆರಡು ವರ್ಷಕ್ಕೆ ಸೌದೆಗೂ ಆಗಲ್ಲ ಅಂದ್ರು ಅವ್ರು. ಇವ್ರಿಗೆ ಬಾತುಕೋಳಿ ಅನ್ನೋಕೆ ನಾಚಿಕೆ ಅನ್ಸುತ್ತೆ, ಸ್ವಲ್ಪ ಹೊತ್ತು ಕೆಮ್ಮಿ, "ಅಮ್ಮ ಬೇಡ ಅಂತಾರೆ" ಅಂದ್ರು.

ಒಳಗೆ ಮೆಣಸು ಆರಿಸ್ತಾ ಕೂತಿದ್ದ ಅತ್ತೆ ಅಲ್ಲಿಂದಲೇ, "ನಾನೆಲ್ಲೋ ಅಂದೆ?" ಅಂದ್ರು, ಇಡೀ ಕಣಕ್ಕೆ ಕೇಳೋ ಹಾಗೆ. ವ್ಯಾಪಾರಿ ನನ್ನ ಮುಖ ನೋಡಿದ್ರು. ನಾನು ಕಾಫಿ ತರ್ತೀನಿ ಅಂತ ಒಳಗೆ ಎದ್ದು ಹೋದೆ.